ನೂರಹನ್ನೆರಡನೆಯ ಸಂದೇಶ

ಕೆಂಗಲ್ಲೂರಿನಲ್ಲಿ ಗಾಳಿಗೆ ಬಾಗಿಲಿಟ್ಟು ಆರು ವರ್ಷವಾಗಿತ್ತು.

ಅದಕ್ಕೂ ಮುಂಚೆ ಊರಿನ ಮಗ್ಗುಲಲ್ಲಿ ಏಳು ಗುಡ್ಡಗಳಿದ್ದವು. ಅಗೆದು ಅಗೆದು ಐದು ಗುಡ್ಡಗಳು ಗುಂಡಿಗಳಾದವು. ಉಳಿದೆರಡು ಒಂದು ಬೇಸಿಗೆಯ ಮಧ್ಯಾಹ್ನ ತಾವಾಗಿಯೇ ಕುಸಿದು ಕೂತವು. ಆಗ ಎದ್ದ ಕೆಂಪು ಧೂಳು ಮತ್ತೆ ನೆಲಕ್ಕೆ ಇಳಿಯಲೇ ಇಲ್ಲ. ಸೂರ್ಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ. ಬಿಳಿ ಎತ್ತುಗಳು ಕಂದಾದವು. ಎಳೆಯರು ಕೆಮ್ಮಿದರು, ಮುದುಕರು ತೀರಿಹೋದರು. ಹುಲಿಗೆಮ್ಮನ ಗಂಡ ಪಂಪಾಪತಿ ಮುದುಕನೇನಲ್ಲ, ಆದರೂ ಹೋದ. ಮನೆಯಲ್ಲಿ ಉಳಿದವರು ಇಬ್ಬರೇ: ಅವಳು ಮತ್ತು ಅವಳ ಅತ್ತೆ ಶಂಕ್ರಮ್ಮ. ಇಬ್ಬರನ್ನು ಒಟ್ಟಿಗೆ ಕಟ್ಟಿದ್ದ ಗಂಟು ಅವನೊಬ್ಬನೇ ಆಗಿದ್ದ.

ಆಮೇಲೆ ಊರ ಹೊರಗೆ ಗಾಳಿ ಕೇಂದ್ರ ಎದ್ದಿತು. ಅದರ ಯಂತ್ರ ಧೂಳಿನ ಗಾಳಿಯನ್ನು ಒಳಗೆಳೆದು, ನೀರಿನಲ್ಲಿ ತೊಳೆದು, ಬಟ್ಟೆಯ ಪದರಗಳಲ್ಲಿ ಸೋಸಿ, ಕೊಳವೆಗಳಲ್ಲಿ ಮನೆಮನೆಗೆ ಕಳಿಸುತ್ತಿತ್ತು. ಪ್ರತಿ ಮನೆಯ ನಡುಮನೆಯಲ್ಲೊಂದು ಗಾಳಿನಳ, ಅದರ ಪಕ್ಕದ ಗೋಡೆಯಲ್ಲೊಂದು ಅಳತೆಪೆಟ್ಟಿಗೆ. ಮನೆಯವರು ಬಿಟ್ಟ ಉಸಿರನ್ನು ಅಳೆದು ಒಳಗೆ ಎಷ್ಟು ಜನರಿದ್ದಾರೆಂದು ಆ ಪೆಟ್ಟಿಗೆ ಕೇಂದ್ರಕ್ಕೆ ಹೇಳುತ್ತಿತ್ತು. ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಮನೆಯ ಹಿರಿಯರು ಖುದ್ದಾಗಿ ಕೇಂದ್ರದ ಕಿಟಕಿಗೆ ಹೋಗಿ ‘ನಾವು ಇಷ್ಟು ಜನ’ ಎಂದು ಬರೆಸಬೇಕು. ಬರೆಸಿದ್ದಕ್ಕೂ ಪೆಟ್ಟಿಗೆ ಹೇಳಿದ್ದಕ್ಕೂ ತಾಳೆಯಾದರೆ ಮುಂದಿನ ತಿಂಗಳ ಗಾಳಿ. ಜನ ಇದಕ್ಕೂ ಒಗ್ಗಿಕೊಂಡರು. ಬೀಗರು ಬರುವುದಿದ್ದರೆ ಎರಡು ದಿನ ಮೊದಲೇ ಹೋಗಿ ಅವರ ಉಸಿರು ಬರೆಸಿ ಬಂದರು. ಬಸುರಿಯರು ದಿನ ತುಂಬಿದ ಕೂಡಲೇ ಹುಟ್ಟಲಿರುವ ಕೂಸಿಗೊಂದು ಸಾಲು ಕೇಳಿದರು. ಮನೆಗೆ ಬಂದವರನ್ನು ಮೊದಲು ನಳದ ಬಳಿ ಕೂರಿಸಿ, ನೀರು ಆಮೇಲೆ ಕೊಡುವುದು ರೂಢಿಯಾಯಿತು.

ಹುಲಿಗೆಮ್ಮನಿಗೆ ಆ ಕೇಂದ್ರದಲ್ಲೇ ಕೆಲಸ. ಯಂತ್ರ ಗಾಳಿ ಕೊಡಲಾಗದು ಎಂದಾಗ ಸಿಬ್ಬಂದಿಯ ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ ಮೂಡುವ ಮಾತುಗಳನ್ನು ಬರೆಯುವವಳು ಅವಳು. ಅಲ್ಲಿ ಏನು ಬರೆಯುತ್ತಾಳೆಂದು ಮನೆಯಲ್ಲಾಗಲಿ ಓಣಿಯಲ್ಲಾಗಲಿ ಯಾರಿಗೂ ಹೇಳಿರಲಿಲ್ಲ.

ಅದು ಸಣ್ಣ ಕೆಲಸವಲ್ಲ. ಮೊದಲ ವರ್ಷ ಕಿಟಕಿಯಲ್ಲಿ ಕೂತ ಸಿಬ್ಬಂದಿ ತಮ್ಮ ಮಾತು ಸೇರಿಸಿ, ಬೇಕಾದವರಿಗೆ ದಾರಿ ತೋರಿಸಿ, ಬೇಡವಾದವರನ್ನು ಓಡಿಸಿ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ಒಂದು ಕಟ್ಟಪ್ಪಣೆ: ಪರದೆಯ ಮೇಲೆ ಇರುವುದನ್ನು ಇರುವಂತೆಯೇ ಗಟ್ಟಿಯಾಗಿ ಓದಬೇಕು. ಒಂದಕ್ಷರ ಕೂಡಿಸುವಂತಿಲ್ಲ, ಒಂದಕ್ಷರ ಬಿಡುವಂತಿಲ್ಲ. ಹಾಗಾಗಿ ಕಿಟಕಿಯ ಬಳಿ ಯಾರು ಮಾತಾಡಿದರೂ ಅದು ಹುಲಿಗೆಮ್ಮನ ಮಾತೇ.

ಶುರುವಿನಲ್ಲಿ ಅವಳು ‘ದಯವಿಟ್ಟು’ ಎಂದು ಬರೆದಳು. ‘ಕ್ಷಮಿಸಿ, ಇನ್ನೊಮ್ಮೆ ನೋಡಿ ಬನ್ನಿ’ ಎಂದು ಬರೆದಳು. ಜನ ನಿಂತು ವಾದಿಸಿದರು, ಸರತಿ ಸಾಲು ಗೇಟಿನಾಚೆಗೂ ಬೆಳೆಯಿತು. ಆಡಳಿತಾಧಿಕಾರಿ ಪ್ರಭುಲಿಂಗಯ್ಯ ಅವಳನ್ನು ಕರೆಸಿದರು.

“ನೋಡಮ್ಮಾ, ನೀನೇನು ಲಗ್ನಪತ್ರಿಕೆ ಬರೀತಿದ್ದೀಯಾ? ಕೇಳಿದವನು ತೆಪ್ಪಗೆ ಮನೆಗೆ ಹೋಗಬೇಕು. ಹಾಗೆ ಬರಿ.”

ಅವಳು ಹಾಗೆಯೇ ಬರೆದಳು. ಬರೆಯುತ್ತಾ ಬರೆಯುತ್ತಾ ಕೈ ಕುದುರಿತು. ಯಾವ ಮಾತಿಗೆ ಮನುಷ್ಯ ತಲೆ ತಗ್ಗಿಸುತ್ತಾನೆ, ಯಾವುದಕ್ಕೆ ಎದುರು ನಿಲ್ಲುತ್ತಾನೆ ಎಂಬುದು ಅವಳಿಗೆ ತಿಳಿಯತೊಡಗಿತು. ಸರತಿ ಸಾಲು ಕರಗಿತು. ಯಂತ್ರ ತಡೆಯಬಹುದಾದ ಸಂದರ್ಭಗಳು ನೂರಹನ್ನೊಂದು. ನೂರಹನ್ನೊಂದಕ್ಕೂ ಒಂದೊಂದು ಸಂದೇಶ. ಕಡೆಯಲ್ಲಿ ಇನ್ನೊಂದು ಜಾಗ ಖಾಲಿ ಉಳಿದಿತ್ತು. ‘ಮೇಲಿನ ಯಾವುದೂ ಅಲ್ಲದಿದ್ದರೆ.’ ಮೇಲಿನ ಯಾವುದೂ ಅಲ್ಲದ ಸ್ಥಿತಿಗೆ ಬರಬೇಕಾದರೆ ಅವನು ಭಾರೀ ಕಿಲಾಡಿಯೇ ಇರಬೇಕು, ಪೆಟ್ಟಿಗೆಯನ್ನೇ ಬಗ್ಗಿಸಿರಬೇಕು ಎಂದುಕೊಂಡು ಅವಳು ಬರೆದಳು:

‘ನೀವು ಹೇಳಿದ್ದು ಸುಳ್ಳು. ಯಂತ್ರಕ್ಕೆ ಗೊತ್ತಿದೆ. ಮನೆಗೆ ಹೋಗಿ ಯೋಚಿಸಿ.’

ವಾಕ್ಯದ ಕೆಳಗೆ ಎರಡು ಚೌಕಗಳು. ಒಂದು ‘ಎಚ್ಚರಿಕೆ’, ಇನ್ನೊಂದು ‘ತಡೆ’. ಹಿಂದಿನ ನೂರಹನ್ನೊಂದಕ್ಕೂ ‘ತಡೆ’ಗೆ ಗುರುತು ಹಾಕಿದ್ದ ಕೈ ಇದಕ್ಕೂ ಅಲ್ಲೇ ಹಾಕಿತು. ಪ್ರಭುಲಿಂಗಯ್ಯ ಓದಿ ಮೇಜು ಕುಟ್ಟಿ ನಕ್ಕರು. ಆ ವಾಕ್ಯ ಅವರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನು ಮೂರು ಸಲ ಕೇಳಿಸಿಕೊಂಡ ಮನೆಯ ನಳಕ್ಕೆ ಆರು ತಿಂಗಳು ಬೀಗ ಎಂದು ತಾವೇ ಒಂದು ನಿಯಮ ಸೇರಿಸಿದರು.

*

ಮೂರನೇ ತಾರೀಖಿನ ಮಧ್ಯಾಹ್ನ ಹುಲಿಗೆಮ್ಮ ಪಾಳಿ ಮುಗಿಸಿ ಮನೆಗೆ ಬಂದಾಗ ಶಂಕ್ರಮ್ಮ ನಳದ ಕೆಳಗೆ ಗೋಡೆಗೊರಗಿ ಕೂತಿದ್ದಳು. ಮೂಗುಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ.

“ಬರಿಸಿದ್ರಿ ಏನತ್ತಿ?”

“ಏನ್ ಬರಸ್ತಾರ. ನನ್ನ ಸುಳ್ಳಿ ಅಂದ್ರು.”

“ಯಾರು?”

“ಆ ಕಿಟಕ್ಯಾಗ ಕುಂದ್ರತಾನಲ್ಲ ಕೊಟ್ರೇಶ, ಅವ ಓದಿದ. ಪಾಪ, ನನ್ನ ಮುಖ ನೋಡಲಿಲ್ಲ. ‘ನೀವು ಹೇಳಿದ್ದು ಸುಳ್ಳು. ಯಂತ್ರಕ್ಕೆ ಗೊತ್ತಿದೆ. ಮನೆಗೆ ಹೋಗಿ ಯೋಚಿಸಿ.’ ಇಡೀ ಓಣಿ ನನ್ನ ಹಿಂದ ನಿಂತಿತ್ತು. ಎಪ್ಪತ್ತೊಂದು ವರ್ಷ ಆತು ನನಗ. ಇಬ್ಬರದೀವಿ ಅಂದೆ. ಇಬ್ಬರಿಲ್ಲೇನ? ನೀ ಮನಶ್ಯಾಳಲ್ಲೇನ ಮತ್ತ?”

ಹುಲಿಗೆಮ್ಮ ಒಲೆಯ ಕಡೆ ತಿರುಗಿಕೊಂಡಳು. ಅವಳ ವಾಕ್ಯ ಅತ್ತೆಯ ಬಾಯಲ್ಲಿ ಒಂದು ಅಕ್ಷರವೂ ತಪ್ಪದೆ ಬಂದಿತ್ತು.

“ಪೆಟ್ಟಿಗಿ ಏನೋ ತಪ್ಪ ಅಳದಿರಬೇಕು. ಇನ್ನೊಮ್ಮೆ ಹೋಗ್ರಿ.”

“ಬರದಾಕಿ ಕೈಗೆ ಹುಳ ಬೀಳ್ಲಿ,” ಎಂದಳು ಶಂಕ್ರಮ್ಮ.

“ಬರದಾಕಿ ಅಂತ ನಿಮಗ ಯಾರು ಹೇಳಿದ್ರು? ಬರದವ ಇರಬಹುದು.”

“ಗಂಡಸಾದ್ರ ಒಂದು ಬೈಗುಳ ಬೈದು ಬಿಡತಿದ್ದ. ಇಷ್ಟು ಚುಚ್ಚಿ ಚುಚ್ಚಿ ಹೆಂಗಸೇ ಬರೀಬೇಕು.”

ಆರನೇ ತಾರೀಖು ಶಂಕ್ರಮ್ಮ ಮತ್ತೆ ಹೋದಳು, ಮತ್ತೆ ಅದೇ ಮಾತು ಕೇಳಿ ಬಂದಳು. ರೊಟ್ಟಿಯ ತಟ್ಟೆಯನ್ನು ಕಾಲಿನಿಂದ ಆಚೆ ನೂಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹತ್ತರೊಳಗೆ ಬರೆಸದಿದ್ದರೆ ನಳ ತಾನಾಗಿಯೇ ಮುಚ್ಚುತ್ತದೆ. ಮೂರನೇ ಸಲ ಹೋಗಿ ಅದೇ ಮಾತು ಕೇಳಿದರೆ ಬೀಗ. ಅತ್ತೆಯ ಎದೆಯ ಚಿತ್ರ ನೋಡಿದ ಡಾಕ್ಟರು ಹಿಂದೆಯೇ ಹೇಳಿದ್ದರು: ಈ ಎದೆಗೆ ನಳವಿಲ್ಲದೆ, ಬರೀ ಮೂಗುಪಟ್ಟಿಯ ಮೇಲೆ ನಾಲ್ಕು ದಿನವೇ ಹೆಚ್ಚು.

ಏಳನೇ ತಾರೀಖು ಬೆಳಿಗ್ಗೆ ಎದುರುಮನೆಯಿಂದ ಅಳು ಕೇಳಿತು. ಎದುರುಮನೆ ತಿಪ್ಪೇರುದ್ರನದು. ಕಳೆದ ತಿಂಗಳ ಮೊದಲಲ್ಲಿ ಅವನ ಹೆಂಡತಿ ಹೊನ್ನೂರಮ್ಮ ಮೂರು ಸಲ ಕಿಟಕಿಗೆ ಹೋಗಿ ಬಂದಿದ್ದಳು, ಆ ತಿಂಗಳ ಗಾಳಿ ಮುಗಿದ ಕೂಡಲೇ ನಳಕ್ಕೆ ಬೀಗ ಬಿದ್ದಿತ್ತು. ‘ಯಾರನ್ನೋ ಮನ್ಯಾಗ ಬಚ್ಚಿಟ್ಟಾರಂತ’ ಎಂದು ಓಣಿ ಮಾತಾಡಿತ್ತು. ಗಾಳಿ ಕೊಡಲು ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ಪೆಟ್ಟಿಗೆ ಒಂದು ಉಸಿರು ಹೆಚ್ಚು ತೋರಿಸಿದರೆ ತಮ್ಮ ಮನೆಗೂ ಕುತ್ತು. ಹುಲಿಗೆಮ್ಮನೂ ಕರೆಯಲಿಲ್ಲ. ಈಗ ಹೊನ್ನೂರಮ್ಮನನ್ನು ಚಾಪೆಯಲ್ಲಿ ಸುತ್ತಿ ಹೊರಗೆ ತಂದರು. ಮನೆಯೊಳಗಿನಿಂದ ಬಂದವರು ಮೂರೇ ಜನ: ಅವನು, ಅವನ ಮಗಳು, ಚಾಪೆಯೊಳಗಿನ ಹೆಣ. ಹೊನ್ನೂರಮ್ಮ ಬರೆಸಿದ್ದ ಸಂಖ್ಯೆಯೂ ಮೂರೇ.

ಹುಲಿಗೆಮ್ಮ ಒಳಗೆ ಬಂದು ತಮ್ಮ ಮನೆಯ ಅಳತೆಪೆಟ್ಟಿಗೆಯ ಮುಂದೆ ನಿಂತಳು. ಮುದ್ರೆ ಒಡೆಯುವಂತಿಲ್ಲ, ಒಡೆದರೆ ಜೈಲು. ಆದರೆ ಪೆಟ್ಟಿಗೆಗೊಂದು ಸಣ್ಣ ಗಾಜಿದೆ. ಅದನ್ನು ಸೆರಗಿನಿಂದ ಒರೆಸಿ ಟಾರ್ಚ್ ಹಿಡಿದು ನೋಡಿದಳು. ಉಸಿರು ಒಳಗೆ ಹೋಗಬೇಕಾದ ಜಾಲರಿಯ ಮೇಲೆ ಕೆಂಪು ಧೂಳು ಮೆತ್ತಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಪೆಟ್ಟಿಗೆ ಇಬ್ಬರು ಎಂದೂ ಹೇಳಿರಲಿಲ್ಲ, ಮೂವರು ಎಂದೂ ಹೇಳಿರಲಿಲ್ಲ. ಅದು ಏನನ್ನೂ ಹೇಳಿರಲಿಲ್ಲ.

*

ಕೇಂದ್ರದಲ್ಲಿ ಅವಳು ತನ್ನ ಪರದೆಯ ಮುಂದೆ ಕೂತು ಸಂದೇಶಗಳ ಹಿಂದಿನ ದಾಖಲೆ ತೆರೆದಳು. ಅವಳ ವಾಕ್ಯ ಮೂಡುವ ಮುನ್ನ ಯಂತ್ರ ತನ್ನದೇ ಭಾಷೆಯಲ್ಲಿ ಒಂದು ಮಾತು ಹೇಳುತ್ತದೆ. ಅದು ಯಾರಿಗೂ ಕಾಣುವುದಿಲ್ಲ. ಅದನ್ನು ಮುಚ್ಚಲೆಂದೇ ಅವಳ ವಾಕ್ಯ ಇರುವುದು. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಓದಲು ಹೋಗಿರಲಿಲ್ಲ. ಈಗ ಓದಿದಳು.

‘ಪೆಟ್ಟಿಗೆ ೨೧೪ ಉತ್ತರಿಸುತ್ತಿಲ್ಲ. ಜಾಲರಿ ಕಟ್ಟಿರಬಹುದು. ಶುಚಿ ಮಾಡಿ ಹದಿನಾಲ್ಕು ತಿಂಗಳಾಗಿದೆ. ಕಳೆದ ತಿಂಗಳ ಸಂಖ್ಯೆ ೨. ಅದನ್ನೇ ಮುಂದುವರಿಸಲಾಗುವುದು.’

ಕಡೆಯ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಮುಂದುವರಿಸಲಾಗುವುದು. ಯಂತ್ರ ಕಟ್ಟಿದವರು ಯಾರೋ, ಎಲ್ಲಿಯವರೋ, ಪೆಟ್ಟಿಗೆ ಸುಮ್ಮನಾದರೆ ಮನೆಯವರ ಗಾಳಿ ನಿಲ್ಲಬಾರದೆಂದು ಮೊದಲೇ ಯೋಚಿಸಿ ಇಟ್ಟಿದ್ದರು. ಅದು ತಡೆಯೇ ಅಲ್ಲ. ಬರೀ ಎಚ್ಚರಿಕೆ. ಪೆಟ್ಟಿಗೆ ಸುಮ್ಮನಾಗುವ ಸಂದರ್ಭ ನೂರಹನ್ನೊಂದರ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅದು ಉರುಳಿ ಉರುಳಿ ಅವಳ ನೂರಹನ್ನೆರಡನೆಯ ಜಾಗಕ್ಕೆ ಬಂದು ಬಿದ್ದಿತ್ತು. ಅಲ್ಲಿ ಅವಳ ಕೈ ‘ತಡೆ’ ಎಂದು ಗುರುತು ಹಾಕಿ ಕಾದಿತ್ತು.

ದಾಖಲೆಯನ್ನು ಕೆಳಗಿನ ತನಕ ಎಳೆದಳು. ಅರವತ್ತಮೂರು ಮನೆಗಳು. ಒಂಬತ್ತಕ್ಕೆ ಬೀಗ.

ಪ್ರಭುಲಿಂಗಯ್ಯ ಅವಳು ಹೇಳಿದ್ದನ್ನೆಲ್ಲ ಬೆರಳಿನಿಂದ ಹಲ್ಲು ತಟ್ಟುತ್ತಾ ಕೇಳಿದರು.

“ಹೌದು. ಗೊತ್ತು.”

“ಗೊತ್ತೇನ್ರಿ ಸರ್?”

“ಜಾಲರಿ ಕಟ್ಟುತ್ತೆ ಅಂತ ಪೆಟ್ಟಿಗೆ ಕಂಪನಿಯವರು ಎರಡು ತಿಂಗಳ ಹಿಂದೆ ಬರೆದಿದ್ದಾರೆ. ಮೂರು ಸಾವಿರ ಮನೆ, ಒರೆಸೋಕೆ ನಮ್ಮಲ್ಲಿ ಆರು ಜನ. ಸರದಿ ಬಂದಾಗ ಒರೆಸ್ತಾರೆ.”

“ಅಲ್ಲೀತನಕ ಸಂದೇಶ ಬದಲು ಮಾಡೋಣ್ರಿ. ತಡೆ ತಗದು ಎಚ್ಚರಿಕೆ ಅಂತ ಮಾಡಿದ್ರ ಸಾಕು. ಬರದಿದೀನಿ, ನಿಮ್ಮ ಹೆಬ್ಬೆಟ್ಟು ಒಂದು ಬೇಕು.”

“ಬದಲು ಮಾಡಿದ್ರೆ ಹಿಂದಿನದು ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗಾಯ್ತಲ್ಲಮ್ಮಾ. ನಾಳೆ ಅರವತ್ತಮೂರು ಮನೆಯವರೂ ಕಲ್ಲು ಹಿಡಿದು ಬರ್ತಾರೆ. ಈಗ ನೋಡು, ಎಷ್ಟು ಸುಮ್ಮನಿದ್ದಾರೆ.”

“ಸುಮ್ಮನಿರೋದು ಸುಳ್ಳರು ಅನ್ನಿಸಿಕೊಂಡ ನಾಚಿಕಿಗೆ ಸರ್.”

“ಅದೇ ನಾನು ಹೇಳ್ತಿರೋದು. ನಿನ್ನ ವಾಕ್ಯ ಬಹಳ ಚೆನ್ನಾಗಿ ಕೆಲಸ ಮಾಡ್ತಿದೆ.”

“ನಮ್ಮ ಎದುರುಮನ್ಯಾಕಿ ಸತ್ತಳ್ರಿ.”

ಪ್ರಭುಲಿಂಗಯ್ಯ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. “ಧೂಳಿಗೆ ಸತ್ತಳು. ಈ ಊರಲ್ಲಿ ಎಲ್ಲರೂ ಅದಕ್ಕೇ ಸಾಯೋದು. ನಿಮ್ಮ ಅತ್ತೆ ಹೆಸರೂ ಆ ಪಟ್ಟಿಯಲ್ಲಿದೆ ಅಂತ ನನಗೆ ಗೊತ್ತು, ಅದಕ್ಕೇ ನಿನಗೆ ಈಗ ಹೊಟ್ಟೆ ಉರೀತಿದೆ. ಹೋದ ತಿಂಗಳು ಎಲ್ಲಿ ಹೋಗಿತ್ತು ಈ ಕರುಣೆ? ನಡಿ, ಕೆಲಸ ನೋಡು.”

ಅವರು ಹೇಳಿದ್ದು ನಿಜವಾಗಿತ್ತು. ಕೋಣೆಯಿಂದ ಹೊರಬಂದಾಗ ಅವರ ಮೇಲಿನ ಸಿಟ್ಟಿಗಿಂತ ಅದೇ ಹೆಚ್ಚು ಸುಡುತ್ತಿತ್ತು.

*

ಹತ್ತನೇ ತಾರೀಖು ಬೆಳಿಗ್ಗೆ ಶಂಕ್ರಮ್ಮ ಹೊರಡಲು ಒಪ್ಪಲಿಲ್ಲ.

“ನಾ ಬರಂಗಿಲ್ಲ. ಇಲ್ಲೇ ಸಾಯ್ತೀನಿ. ಸುಳ್ಳಿ ಅನ್ನಿಸ್ಕೊಂಡು ಸಾಯಂಗಿಲ್ಲ.”

“ಹೋಗದಿದ್ರ ಸುಳ್ಳಿ ಅಂತಾನ ಉಳೀತೈತಿ. ಏಳ್ರಿ.”

“ನಿನಗೇನ ಬಿಡು. ನಾ ಹೋದ್ರ ಒಂದು ಉಸಿರಿನ ಗಾಳಿ ಉಳೀತೈತಿ ನಿನಗ. ಕಾಲು ಚಾಚಿ ಮಲಗತಿ.”

“ಹೌದು, ಮಲಗತೀನಿ,” ಎಂದಳು ಹುಲಿಗೆಮ್ಮ. ಅವಳ ದನಿಯೂ ಏರಿತ್ತು. “ನೀವು ಹೋದ ಮ್ಯಾಲೆ ಹಾಡು ಹೇಳ್ಕೊಂತ ಮಲಗತೀನಿ. ಈಗ ಹನ್ನೊಂದು ಗಂಟಿಗೆ ಕಿಟಕಿ ಮುಂದ ನಿಂತಿರ್ರಿ. ಅದಕ್ಕೂ ಮದಲ ಹೋಗಬ್ಯಾಡ್ರಿ. ಹನ್ನೊಂದಕ್ಕ.”

ಅತ್ತೆ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಗೋಡೆ ಹಿಡಿದು ಎದ್ದಳು.

ಹೊಸ ಸಂದೇಶ ಬರೆಯಲು ಅಧಿಕಾರಿಯ ಹೆಬ್ಬೆಟ್ಟು ಬೇಕು. ಇದ್ದ ಸಂದೇಶದ ಒಂದು ಚುಕ್ಕೆ ತಿದ್ದಲೂ ಬೇಕು. ಮೂರು ದಿನ ಹುಲಿಗೆಮ್ಮ ಸಂದೇಶ ಬರೆಯುವ ಪುಟವನ್ನು ಮೇಲಿಂದ ಕೆಳಗೆ ತಡಕಾಡಿದ್ದಳು. ಕಡೆಗೆ ಒಂಬತ್ತನೇ ತಾರೀಖು ಸಂಜೆ, ಎಲ್ಲರ ಕಣ್ಣಿಗೂ ಬೀಳುವಂತಿದ್ದು ಯಾರೂ ನೋಡದ ಒಂದು ಗುಂಡಿ ಕಂಡಿತ್ತು. ಅಳಿಸು. ಅದಕ್ಕೆ ಹೆಬ್ಬೆಟ್ಟು ಬೇಡ. ಬರೆದ ಮಾತನ್ನು ಬರೆದವರೇ ಇಲ್ಲವಾಗಿಸುತ್ತಾರೆಂದು ಆ ಪುಟ ಕಟ್ಟಿದವರು ಎಣಿಸಿರಲಿಲ್ಲ. ಸಂದೇಶ ಇಲ್ಲವಾದರೆ ಅದರ ಜೊತೆಗಿನ ತಡೆಯೂ ಇಲ್ಲ, ಪ್ರಭುಲಿಂಗಯ್ಯನವರು ಅದಕ್ಕೆ ಕಟ್ಟಿದ ಬೀಗದ ನಿಯಮವೂ ಇಲ್ಲ. ಯಂತ್ರದ ಸ್ವಂತ ಮಾತು ಮುಸುಕಿಲ್ಲದೆ ಪರದೆಗೆ ಬರುತ್ತದೆ. ಪರದೆಗೆ ಬಂದದ್ದನ್ನು ಕೊಟ್ರೇಶ ಓದಲೇಬೇಕು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವಳು ಅಳಿಸಿದಳು. ‘ಖಚಿತವೇ?’ ಎಂದು ಪರದೆ ಕೇಳಿತು. ಅದೂ ಅವಳು ಬರೆದದ್ದೇ. ಹೌದು ಎಂದು ಒತ್ತಿ ಕಿಟಕಿಗಳ ಹಜಾರಕ್ಕೆ ನಡೆದಳು.

ಕಡೆಯ ದಿನವಾದ್ದರಿಂದ ಸಾಲು ಗೋಡೆಯಿಂದ ಗೋಡೆಗೆ ತುಂಬಿತ್ತು. ಶಂಕ್ರಮ್ಮ ಕಿಟಕಿಯ ಅಂಚು ಹಿಡಿದು ನಿಂತಿದ್ದಳು. ಹಿಂದಿನಿಂದ ಯಾರೋ “ಮೂರನೇ ಸಲ ಬಂದಾಳ ನೋಡು, ಸುಳ್ಳಿ” ಎಂದರು.

“ಎಷ್ಟು ಜನ ಅಮ್ಮಾ?” ಕೊಟ್ರೇಶ ತಲೆ ಎತ್ತದೆ ಕೇಳಿದ.

“ಇಬ್ರು. ಹೋದ ಸಲ ಇಬ್ರು, ಅದರ ಹಿಂದಿನ ಸಲ ಇಬ್ರು.”

ಅವನು ಒತ್ತಿದ. ಕೆಂಪು ಪಟ್ಟಿಗಾಗಿ ಕಾದ. ಪಟ್ಟಿ ಬರಲಿಲ್ಲ, ಬಿಳಿಯ ಹಾಳೆಯಂಥ ಪರದೆಯ ಮೇಲೆ ಕಪ್ಪು ಅಕ್ಷರಗಳು ಸಾಲಾಗಿ ಬಂದವು. ಕೊಟ್ರೇಶ ಬಾಯಿ ತೆರೆದ, ಮುಚ್ಚಿದ, ಸುತ್ತ ನೋಡಿದ. ನಂತರ ಕಟ್ಟಪ್ಪಣೆ ನೆನಪಾಗಿ ಗಟ್ಟಿಯಾಗಿ ಓದತೊಡಗಿದ.

“ಪೆಟ್ಟಿಗೆ ಇನ್ನೂರಹದಿನಾಲ್ಕು ಉತ್ತರಿಸುತ್ತಿಲ್ಲ. ಜಾಲರಿ ಕಟ್ಟಿರಬಹುದು. ಶುಚಿ ಮಾಡಿ ಹದಿನಾಲ್ಕು ತಿಂಗಳಾಗಿದೆ. ಕಳೆದ ತಿಂಗಳ ಸಂಖ್ಯೆ ಎರಡು. ಅದನ್ನೇ ಮುಂದುವರಿಸಲಾಗುವುದು.”

ಹಜಾರದಲ್ಲಿ ಗದ್ದಲ ನಿಂತಿತು. ಶಂಕ್ರಮ್ಮನ ಕೈ ಕಿಟಕಿಯ ಅಂಚಿನ ಮೇಲೆ ಸಡಿಲವಾಯಿತು.

ಆದರೆ ಕೊಟ್ರೇಶ ನಿಲ್ಲಿಸಲಿಲ್ಲ. ಕೆಳಗೆ ಇನ್ನೂ ಸಾಲುಗಳಿದ್ದವು. ಹುಲಿಗೆಮ್ಮ ಅವನ್ನು ಎಣಿಸಿರಲಿಲ್ಲ. ಯಂತ್ರ ತನ್ನ ಮಾತಿನ ಜೊತೆಗೆ ತನ್ನ ನೆನಪನ್ನೂ ಬಿಚ್ಚಿಡುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

“ಈ ಸ್ಥಾನದಲ್ಲಿದ್ದ ಸಂದೇಶ: ‘ನೀವು ಹೇಳಿದ್ದು ಸುಳ್ಳು. ಯಂತ್ರಕ್ಕೆ ಗೊತ್ತಿದೆ. ಮನೆಗೆ ಹೋಗಿ ಯೋಚಿಸಿ.’ ಈ ಸಂದೇಶವನ್ನು ಅಳಿಸಲಾಗಿದೆ. ಬರೆದವರು...” ಅವನ ದನಿ ಕುಗ್ಗಿತು, ಆದರೂ ಓದಿದ. “ಬರೆದವರು: ಹುಲಿಗೆಮ್ಮ. ತಡೆ ಹಾಕಿದವರು: ಹುಲಿಗೆಮ್ಮ. ಅಳಿಸಿದವರು: ಹುಲಿಗೆಮ್ಮ.”

ಶಂಕ್ರಮ್ಮ ಮೆಲ್ಲಗೆ ತಿರುಗಿದಳು. ಸಾಲಿನಲ್ಲಿದ್ದವರೂ ತಿರುಗಿದರು. ಸೊಸೆ ಬಾಗಿಲ ಬಳಿ ನಿಂತಿದ್ದಳು, ಕೊರಳಲ್ಲಿ ಹೆಸರಿನ ಬಿಲ್ಲೆ ತೂಗುತ್ತಿತ್ತು. ಯಾರೋ ಉಗುಳಿದರು. ಉಗುಳು ಅವಳ ಪಾದದ ಮೇಲೆ ಬಿತ್ತು, ಅವಳು ಕಾಲು ತೆಗೆಯಲಿಲ್ಲ. ಮುಂದಿನ ಮನೆಯವರು ಆಗಲೇ ಕಿಟಕಿಗೆ ನುಗ್ಗಿ “ನಮ್ದೂ ಓದಪ್ಪಾ, ನಮ್ದೂ ಓದು” ಎನ್ನುತ್ತಿದ್ದರು. ಓದಿದ ಪ್ರತಿ ಪೆಟ್ಟಿಗೆಯ ಕೊನೆಗೂ ಅವಳ ಹೆಸರು ಮೂರು ಮೂರು ಸಲ ಹಜಾರದಲ್ಲಿ ಮೊಳಗಿತು. ಒಂಬತ್ತು ಮನೆಗಳ ನಳದ ಬೀಗಗಳೂ ಒಂದೊಂದಾಗಿ ತೆರೆದವು. ಅವನ್ನು ಕಟ್ಟಿಹಾಕಿದ್ದ ನಿಯಮವೇ ಈಗ ಇರಲಿಲ್ಲ. ಪ್ರಭುಲಿಂಗಯ್ಯ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಇಪ್ಪತ್ತು ಮನೆಗಳಾಗಿದ್ದವು. ಅವರು ಅವಳ ಬಿಲ್ಲೆಯನ್ನು ದಾರದ ಸಮೇತ ಕಿತ್ತುಕೊಂಡರು. ಅವಳನ್ನು ಗೇಟಿನ ಹೊರಗೆ ದಬ್ಬಿದರು.

*

ಮನೆಗೆ ಬಂದಾಗ ನಳ ಸಣ್ಣಗೆ ಶಬ್ದ ಮಾಡುತ್ತಿತ್ತು. ಶಂಕ್ರಮ್ಮ ಅದರ ಕೆಳಗೆ ಕೂತಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು, ಮೂಗುಪಟ್ಟಿ ಕಟ್ಟಿಕೊಂಡು.

“ಒಳಗ ಬರಬ್ಯಾಡ.”

“ಅತ್ತಿ...”

“ಅತ್ತಿ ಗಿತ್ತಿ ಅನಬ್ಯಾಡ. ಮೂರನೇ ತಾರೀಖು ನಿನ್ನ ಮುಂದ ಕುಂತು ಹೇಳಿದೆ. ರೊಟ್ಟಿ ಬಡಕೊಂತ ಕೇಳಿದಿ. ಬಾಯಿ ಬಿಟ್ಟಿ ಏನ? ಇನ್ನೊಮ್ಮೆ ಹೋಗ್ರಿ ಅಂದಿ.”

“ನನಗ ಆಗ ಗೊತ್ತಿರಲಿಲ್ರಿ, ಪೆಟ್ಟಿಗಿ...”

“ಪೆಟ್ಟಿಗೀದು ಗೊತ್ತಿರಲಿಲ್ಲ. ಮಾತು ನಿಂದು ಅಂತ ಗೊತ್ತಿತ್ತಿಲ್ಲ?”

ಹುಲಿಗೆಮ್ಮ ಹೌದೆಂದು ತಲೆಯಾಡಿಸಿದಳು.

“ನಡಿ,” ಎಂದಳು ಶಂಕ್ರಮ್ಮ.

“ಎಲ್ಲಿಗೆ?”

“ಓಣ್ಯಾಗ ಎಷ್ಟು ಮನಿಗೆ ಓದಿಸಿದಿ, ಅಷ್ಟೂ ಮನಿಗೆ. ಬಾಗಿಲದಾಗ ನಿಂತು ನಿನ್ನ ಬಾಯಿಲೆ ಹೇಳು. ಕೊಟ್ರೇಶನ ಬಾಯಿಲೆ ಅಲ್ಲ.”

“ಹೊಡೀತಾರ.”

“ಹೊಡೀಲಿ. ನೋಡಾಕಂತಾನ ನಾನೂ ಬರಾಕತ್ತೀನಿ. ನಡುವ ನೀ ಓಡಿ ಹೋಗಬಾರದಲ್ಲ.”

ಮುದುಕಿ ಅವಳ ರಟ್ಟೆ ಹಿಡಿದು ಧೂಳಿನೊಳಗೆ ನಡೆಸಿದಳು. ಆ ಹಿಡಿತದಲ್ಲಿ ಪ್ರೀತಿಯೇನೂ ಇರಲಿಲ್ಲ. ಉಗುರುಗಳು ಚರ್ಮಕ್ಕೆ ಇಳಿದಿದ್ದವು. ಮೊದಲ ಮನೆ ಎದುರಿನದೇ. ಶಂಕ್ರಮ್ಮ ಬಾಗಿಲು ಬಡಿದಳು. ತಿಪ್ಪೇರುದ್ರ ತೆರೆದ. ತಲೆ ಬೋಳಿಸಿಕೊಂಡಿದ್ದ. ಅವನ ಹಿಂದೆ ನಡುಮನೆಯಲ್ಲಿ, ಹನ್ನೊಂದು ದಿನಗಳ ಮೇಲೆ ಆಗಷ್ಟೇ ಬಾಯಿ ಬಿಟ್ಟ ನಳ ಸುಯ್ ಎನ್ನುತ್ತಿತ್ತು. ಅದರ ಮುಂದೆ ಯಾರೂ ಕೂತಿರಲಿಲ್ಲ.

“ಹೇಳು,” ಎಂದಳು ಶಂಕ್ರಮ್ಮ.

ಹುಲಿಗೆಮ್ಮನಿಗೆ ನೂರಾರು ವಾಕ್ಯಗಳು ಬರುತ್ತಿದ್ದವು. ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಯಾವ ಮಾತು ಸೇರಿಸಿದರೆ ಎದುರಿಗಿನವನ ತಲೆ ತಗ್ಗುತ್ತದೆ, ಎಲ್ಲ ಬಲ್ಲವಳು ಅವಳು. ಈಗ ಒಂದೂ ಕೈಗೆ ಬರಲಿಲ್ಲ.

“ಹೊನ್ನೂರಕ್ಕ ಮೂರು ಜನ ಅಂತ ಬರಿಸಿದ್ದು ಖರೇನ ಇತ್ತು,” ಎಂದಳು. “ಪೆಟ್ಟಿಗಿ ಕೆಟ್ಟಿತ್ತು. ಸುಳ್ಳು ಅಂತ ಬರದಾಕಿ ನಾನು.”

ತಿಪ್ಪೇರುದ್ರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನ ಇನ್ನೊಂದು ಕೈ ಮೇಲೆದ್ದಿತು. ಹುಲಿಗೆಮ್ಮ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಆ ಕೈಯನ್ನು ಬಾಯಿಯ ಹತ್ತಿರ ಹಿಡಿದು ಒಳಮನೆಯ ಕತ್ತಲಿನ ಕಡೆ ತಿರುಗಿ ಕೂಗುತ್ತಿದ್ದ.

“ಏ ಗಂಗೀ, ಹೊರಗ ಬಾರವ್ವಾ. ನಿಮ್ಮವ್ವ ಸುಳ್ಳು ಹೇಳಿದ್ದಿಲ್ಲಂತ. ಬಾ ಇಲ್ಲಿ, ಕೇಳು ಬಾ.” ಆಮೇಲೆ ಹುಲಿಗೆಮ್ಮನ ಕಡೆ ನೋಡದೆಯೇ ಹೇಳಿದ: “ಆಕಿ ಬರೂತನ ನಿಂತಿರು. ಇನ್ನೊಮ್ಮೆ ಹೇಳಬೇಕು ನೀ. ಗಟ್ಟಿಯಾಗಿ.”